ಹೊಸದಾಗಿ ತಂದ ಮೇಕೆಮರಿ ಹತ್ತಿರ ಬರುವುದಿಲ್ಲ, ರಾತ್ರಿಯಿಡೀ ಕೂಗುತ್ತದೆ: ಪಳಗಿಸುವುದು ಹೇಗೆ?

ನೀವು ಬರೆದಿರುವ ಪ್ರಕಾರ, ಎರಡೂವರೆ ತಿಂಗಳ ಹೆಣ್ಣು ಮೇಕೆಮರಿಯೊಂದನ್ನು ತಂದು ನಾಲ್ಕು ದಿನಗಳಾಗಿವೆ. ಅದು ಮೂಲೆ ಬಿಟ್ಟು ಬರುವುದಿಲ್ಲ, ಹತ್ತಿರ ಹೋದರೆ ಗಾಬರಿಯಿಂದ ಗೋಡೆಗೆ ಹಾಯುತ್ತದೆ, ರಾತ್ರಿಯಿಡೀ ಕೂಗುತ್ತದೆ, ಹಾಕಿದ ಮೇವನ್ನು ಮೂಸಿ ಬಿಡುತ್ತದೆ, ನಿಮ್ಮ ಒಂಬತ್ತು ವರ್ಷದ ಮಗ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಮಾತ್ರ ಕೈಗೆ ಸಿಗುತ್ತದೆ. ಇದನ್ನು ಪಳಗಿಸುವುದು ಹೇಗೆ ಎಂದು ಕೇಳಿದ್ದೀರಿ. ಆ ಮಾತಿಗೆ ಬರುತ್ತೇನೆ, ಆದರೆ ಮೇವನ್ನು ಮೂಸಿ ಬಿಡುತ್ತದೆ ಎಂಬ ಸಾಲು ನನ್ನನ್ನು ಹೆಚ್ಚು ಕಳವಳಕ್ಕೀಡು ಮಾಡಿತು. ಆದ್ದರಿಂದ ಹೊಟ್ಟೆಯಿಂದಲೇ ಆರಂಭಿಸುತ್ತೇನೆ.

ಹಲವು ವರ್ಷಗಳಿಂದ ನಾನು ಮೇಕೆಗಳನ್ನು ಸಾಕುತ್ತಿದ್ದೇನೆ. ನಾನು ತಂದ ಮೊಟ್ಟಮೊದಲ ಮರಿಯೂ ನಿಮ್ಮದರ ಹಾಗೆಯೇ ಹೆದರಿ ಮೂಲೆ ಸೇರಿತ್ತು. ಅದು ಹಸಿದಿದೆ, ರುಚಿಯಾದದ್ದನ್ನು ಕೊಟ್ಟರೆ ಹತ್ತಿರ ಬಂದೀತು ಎಂದು ಭಾವಿಸಿ, ಎರಡನೆಯ ದಿನ ಸಂಜೆ ಬೋಗುಣಿಯ ತುಂಬ ಕಾಳು ಇಟ್ಟೆ. ಅದು ನಿಜಕ್ಕೂ ಹತ್ತಿರ ಬಂದಿತು, ಬೋಗುಣಿಯನ್ನು ಬರಿದು ಮಾಡಿತು, ನನಗೆ ಅತೀವ ಸಂತೋಷವಾಯಿತು. ಬೆಳಗಿನ ಜಾವಕ್ಕೆ ಅದರ ಹೊಟ್ಟೆ ಉಬ್ಬಿ ಬಿಗಿದಿತ್ತು, ಹಲ್ಲು ಕಡಿಯುತ್ತಿತ್ತು. ಮರುದಿನ ಅದು ಉಳಿಯಲಿಲ್ಲ. ಅಂದು ನಾನು ತಿಳಿಯದೆ ಮಾಡಿದ್ದನ್ನು ನೀವು ಮಾಡಬಾರದು ಎಂಬ ಕಾರಣಕ್ಕಾಗಿಯೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಮೇಕೆಯ ಹೊಟ್ಟೆಗೆ ನಾಲ್ಕು ಭಾಗಗಳಿವೆ. ಎಲ್ಲಕ್ಕಿಂತ ದೊಡ್ಡದಾದ ಮೆಲುಕುಚೀಲದಲ್ಲಿ ಮೇವನ್ನು ಹುದುಗಿಸಿ ಅರಗಿಸುವ ಕೆಲಸವನ್ನು ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಮಾಡುತ್ತವೆ. ಹುಟ್ಟಿದ ಮರಿಯಲ್ಲಿ ಈ ಚೀಲ ಇನ್ನೂ ಬೆಳೆದಿರುವುದಿಲ್ಲ, ಕುಡಿದ ಹಾಲು ಅದನ್ನು ದಾಟಿ ನೇರವಾಗಿ ನಾಲ್ಕನೆಯ ಭಾಗಕ್ಕೆ ಹೋಗುತ್ತದೆ. ಒಂದೆರಡು ವಾರ ತುಂಬಿದ ಮೇಲೆ ಮರಿ ಹುಲ್ಲು, ಸೊಪ್ಪುಗಳನ್ನು ಕಚ್ಚತೊಡಗುತ್ತದೆ. ಆರರಿಂದ ಎಂಟು ವಾರಗಳ ಹೊತ್ತಿಗೆ ಚೀಲ ತನ್ನ ಕೆಲಸವನ್ನು ತಕ್ಕಮಟ್ಟಿಗೆ ನಿರ್ವಹಿಸುವಷ್ಟು ಬೆಳೆಯುತ್ತದೆ. ಎಂದರೆ ನಿಮ್ಮ ಮರಿಯ ಹೊಟ್ಟೆ ಈಗಷ್ಟೇ ದುಡಿಯಲು ಕಲಿತಿದೆ, ಅದೂ ಹಿಂದಿನ ಮನೆಯ ಮೇವನ್ನು ಅರಗಿಸಲು. ಮೇವು ಒಮ್ಮೆಲೇ ಬದಲಾದರೆ ಆ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ. ಕಾಳು ಅಥವಾ ಹಿಂಡಿ ಹೆಚ್ಚಾದರೆ ಆಮ್ಲ ಉಕ್ಕಿ ಹೊಟ್ಟೆಯ ಚಲನೆಯೇ ನಿಲ್ಲುತ್ತದೆ. ಕರುಳಿನಲ್ಲಿ ಸದಾ ಇರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಇದ್ದಕ್ಕಿದ್ದಂತೆ ಹೆಚ್ಚಿ ವಿಷ ಉಗುಳಿದರೆ ಕರುಳುಬೇನೆ ಬಂದು, ನಿನ್ನೆ ಕುಣಿಯುತ್ತಿದ್ದ ಮರಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

ಆದ್ದರಿಂದ ಇಂದೇ ಮರಿಯನ್ನು ಮಾರಿದವರನ್ನು ಸಂಪರ್ಕಿಸಿ ಮೂರು ಸಂಗತಿಗಳನ್ನು ಕೇಳಿ ತಿಳಿಯಿರಿ: ಅದು ಅಲ್ಲಿ ಏನನ್ನು ತಿನ್ನುತ್ತಿತ್ತು, ತಾಯಿಯ ಹಾಲು ಬಿಟ್ಟು ಎಷ್ಟು ದಿನಗಳಾಗಿದ್ದವು, ಯಾವ ಲಸಿಕೆ ಮತ್ತು ಜಂತುಹುಳುವಿನ ಔಷಧಿಯನ್ನು ಯಾವಾಗ ಕೊಡಿಸಿದ್ದರು. ಸಾಧ್ಯವಾದರೆ ಆ ಮನೆಯ ಒಣಹುಲ್ಲನ್ನೇ ಸ್ವಲ್ಪ ತನ್ನಿ. ಮೊದಲು ಮುಕ್ಕಾಲು ಪಾಲು ಹಳೆಯ ಮೇವು, ಕಾಲು ಪಾಲು ಹೊಸದು ಎಂದು ಆರಂಭಿಸಿ, ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಹೊಸ ಮೇವಿಗೆ ತರಬೇಕು. ಹಳೆಯ ಮೇವು ಸಿಗದಿದ್ದರೆ ಒಳ್ಳೆಯ ಒಣಹುಲ್ಲು ಸದಾ ಎದುರಿಗಿರಲಿ, ಹಸಿಸೊಪ್ಪು ಸ್ವಲ್ಪವೇ ಇರಲಿ, ಕಾಳು ಮತ್ತು ಹಿಂಡಿ ಮೊದಲ ವಾರದಲ್ಲಿ ಬೇಡವೇ ಬೇಡ. ಮೇವನ್ನು ನೆಲಕ್ಕೆ ಹಾಕದೆ ಮರಿಯ ಎದೆಯ ಎತ್ತರಕ್ಕೆ ತೂಗುಹಾಕಿ ಅಥವಾ ಗೋದಲಿಯಲ್ಲಿಡಿ. ತುಳಿದ, ಹಿಕ್ಕೆ ಬಿದ್ದ ಮೇವನ್ನು ಮೇಕೆ ತಿನ್ನುವುದಿಲ್ಲ. ನೀರಿನ ವಿಷಯದಲ್ಲಿ ಅದು ಇನ್ನೂ ನಾಜೂಕು, ದಿನಕ್ಕೆ ಎರಡು ಬಾರಿ ಪಾತ್ರೆಯನ್ನು ತೊಳೆದು ನೀರು ಬದಲಿಸಿ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಂಬಿ ಮರಿಗೆ ಸಿಕ್ಕಸಿಕ್ಕ ಎಲೆಯನ್ನು ಹಾಕುವವರನ್ನು ಬಹಳ ಕಂಡಿದ್ದೇನೆ. ಗಾದೆ ಹೇಳಿರುವುದು ಮುಟ್ಟುವುದನ್ನು. ಮುಟ್ಟುವುದಕ್ಕೂ ಹೊಟ್ಟೆ ತುಂಬ ತಿನ್ನುವುದಕ್ಕೂ ವ್ಯತ್ಯಾಸವಿದೆ. ಬಯಲಿನಲ್ಲಿ ಮೇಕೆ ಗಿಡದಿಂದ ಗಿಡಕ್ಕೆ ಸಾಗುತ್ತ, ಚುರುಕಾದ ಮೇಲ್ದುಟಿಯಿಂದ ಒಂದೊಂದೇ ಎಲೆಯನ್ನು ಆರಿಸಿ ತಿನ್ನುತ್ತದೆ. ಕಟ್ಟಿದ ಮರಿಗೆ ಆ ಆಯ್ಕೆ ಇರುವುದಿಲ್ಲ, ಹಸಿದರೆ ಎದುರಿಗಿದ್ದದ್ದನ್ನು ತಿಂದುಬಿಡುತ್ತದೆ. ಕಣಗಿಲೆಯ ಕೆಲವೇ ಎಲೆಗಳು ಅದರ ಹೃದಯವನ್ನು ನಿಲ್ಲಿಸಬಲ್ಲವು. ಎಳೆಯ ಜೋಳದ ಪೈರು, ಮರಗೆಣಸಿನ ಹಸಿ ಎಲೆ, ಲಂಟಾನ, ತೋಟದ ಅಲಂಕಾರಕ್ಕೆ ಬೆಳೆಸುವ ಅಜೇಲಿಯಾ ಇವೆಲ್ಲವೂ ವಿಷಕಾರಿಯಾದವು. ಹೆಸರು ತಿಳಿಯದ ಸೊಪ್ಪನ್ನು ಹಾಕದಿರುವುದೇ ಕ್ಷೇಮ.

ಇನ್ನೂ ಹಾಲು ಬಿಡದ ಚಿಕ್ಕ ಮರಿಯನ್ನು ತಂದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ದಿನದ ಹಾಲು ಮರಿಯ ತೂಕದ ಶೇಕಡಾ 10ರಿಂದ 20ರ ನಡುವೆ ಇರಲಿ, ಅದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ, ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಮರಿ ನಿಂತಿರುವಾಗಲೇ ಕುಡಿಸಿರಿ. ಮಗುವಿನಂತೆ ಮಡಿಲಲ್ಲಿ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಈಗ ಆರೋಗ್ಯದ ಪರೀಕ್ಷೆ. ಮರಿ ಸುಮ್ಮನೆ ಮಲಗಿರುವಾಗ ದೂರದಿಂದ ನೋಡಿರಿ, ಮೆಲುಕು ಹಾಕುತ್ತಿದ್ದರೆ ಅರ್ಧ ಚಿಂತೆ ಬಿಡಬಹುದು. ಹಿಕ್ಕೆ ಬಿಡಿಬಿಡಿಯಾಗಿ, ಗಟ್ಟಿಯಾಗಿ ಬೀಳಬೇಕು. ಎಡಪಕ್ಕೆಯ ಹಿಂಭಾಗದ ಗುಳಿ ಉಬ್ಬಿ ಡೋಲಿನಂತೆ ಬಿಗಿದಿರಬಾರದು. ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದರೆ ಒಳಭಾಗ ಕೆಂಪು ಅಥವಾ ಚೆನ್ನಾದ ಗುಲಾಬಿ ಬಣ್ಣವಾಗಿರಬೇಕು; ಬಿಳಿಚಿದ್ದರೆ ರಕ್ತ ಹೀರುವ ಜಂತುಹುಳು ಸೇರಿಕೊಂಡಿರುವ ಸಂಭವ ಹೆಚ್ಚು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ತಾಪಮಾನ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರಬೇಕು. ಮನುಷ್ಯರ ಲೆಕ್ಕದಲ್ಲಿ ಇದು ಜ್ವರ, ಮೇಕೆಗೆ ಸಹಜ.

ಜಂತುಹುಳುವಿನ ಔಷಧಿಯನ್ನು ಊಹೆಯ ಮೇಲೆ ಕುಡಿಸುವುದನ್ನು ನಾನು ಒಪ್ಪುವುದಿಲ್ಲ. ಅಳತೆ ತಪ್ಪಿ, ಪದೇಪದೇ ಕೊಟ್ಟ ಕಾರಣದಿಂದಲೇ ಅನೇಕ ಔಷಧಿಗಳಿಗೆ ಹುಳುಗಳು ಜಗ್ಗದಂತಾಗಿವೆ. ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷೆಗೆ ಕೊಟ್ಟು, ಮರಿಯನ್ನು ತೂಗಿಸಿ, ಅವರು ಹೇಳಿದ ಅಳತೆಯಲ್ಲಿ ಕೊಡಿ. ಅದೇ ಭೇಟಿಯಲ್ಲಿ ಕರುಳುಬೇನೆ, ಧನುರ್ವಾಯು ಮತ್ತು ನಿಮ್ಮ ಪ್ರದೇಶದಲ್ಲಿರುವ ಇತರ ರೋಗಗಳ ಲಸಿಕೆಯ ಬಗ್ಗೆ ಕೇಳಿ. ಕರುಳುಬೇನೆಯ ಲಸಿಕೆಯನ್ನು ಮೊದಲ ಬಾರಿ ಕೊಡಿಸಿದ ಮೂರು ನಾಲ್ಕು ವಾರಗಳಲ್ಲಿ ಮತ್ತೊಮ್ಮೆ ಕೊಡಿಸದಿದ್ದರೆ ರಕ್ಷಣೆ ಪೂರ್ಣವಾಗುವುದಿಲ್ಲ, ಆ ಎರಡನೆಯ ದಿನಾಂಕವನ್ನು ಮರೆಯುವವರೇ ಹೆಚ್ಚು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಈ ವಯಸ್ಸಿನ ಮರಿಗಳ ಕರುಳಿನಲ್ಲಿ ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿ ಸಾಮಾನ್ಯ. ಪ್ರಯಾಣ, ತಾಯಿಯ ಅಗಲಿಕೆ, ಹೊಸ ಜಾಗ ಇವುಗಳ ಆಯಾಸದಿಂದ ಮರಿಯ ಶಕ್ತಿ ಕುಂದಿದಾಗ ಅದು ಹೆಚ್ಚಿಕೊಳ್ಳುತ್ತದೆ. ಆದ್ದರಿಂದ ಮುಂದಿನ ಎರಡು ಮೂರು ವಾರ ಬಾಲದ ಅಡಿಯನ್ನು ದಿನವೂ ನೋಡುತ್ತಿರಿ, ಭೇದಿಯ ಕಲೆ ಕಂಡರೆ ಕಾಯಬೇಡಿ. ಹಾಸು ಒಣಗಿರುವುದು ಇದಕ್ಕೆ ದೊಡ್ಡ ತಡೆ. ನಿಮ್ಮಲ್ಲಿ ಬೇರೆ ಮೇಕೆಗಳಿದ್ದರೆ ಹೊಸದನ್ನು 30 ದಿನ ಅವುಗಳಿಂದ ಬೇರೆಯಾಗಿಡಿ, ಆದರೆ ಅವು ಕಣ್ಣಿಗೆ ಕಾಣುತ್ತಿರಲಿ.

ರಾತ್ರಿಯ ಕೂಗಿನ ಕಾರಣ ಸರಳವಾದದ್ದು. ಮೇಕೆ ಹಿಂಡಿನಲ್ಲಿ ಬದುಕುವ ಪ್ರಾಣಿ. ಕತ್ತಲಲ್ಲಿ ಒಂಟಿಯಾದ ಮರಿ ಉತ್ತರ ಬರಲೆಂದು ಕರೆಯುತ್ತದೆ. ನನ್ನನ್ನು ಕೇಳಿದರೆ ಇದಕ್ಕೆ ನಿಜವಾದ ಪರಿಹಾರ ಇನ್ನೊಂದು ಮೇಕೆಯೇ. ಒಂದೇ ಮರಿಯನ್ನು ಸಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಅಲ್ಲಿಯವರೆಗೆ, ನಿಮ್ಮ ಧ್ವನಿ ಕೇಳಿಸುವಷ್ಟು ಹತ್ತಿರದಲ್ಲಿ, ಗಾಳಿ ನೇರವಾಗಿ ಬೀಸದ, ನಾಯಿಗಳು ನುಗ್ಗಲಾಗದ ಜಾಗದಲ್ಲಿ ಮಲಗಿಸಿ. ಮೂಲೆ ಸೇರುವುದನ್ನು ಹಟವೆಂದು ತಿಳಿಯಬೇಡಿ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಮೇಯಲು ಹೋದಾಗ ಮರಿಗಳು ಪೊದೆಯಲ್ಲೋ ಕಲ್ಲಿನ ಸಂದಿಯಲ್ಲೋ ಅಲುಗಾಡದೆ ಅಡಗಿರುತ್ತವೆ, ಆ ಹುಟ್ಟುಗುಣ ಭಯವಾದಾಗ ಮರಳಿ ಬರುತ್ತದೆ. ಮರೆಗೆಂದು ಒಂದು ಹಲಗೆಯನ್ನು ಗೋಡೆಗೆ ಒರಗಿಸಿಡಿ. ಅಡಗಲು ಜಾಗವಿರುವ ಮರಿ ಬೇಗ ಹೊರಬರುತ್ತದೆ.

ಇನ್ನು ಪಳಗಿಸುವ ಮಾತು. ಮೊದಲು ಅಟ್ಟಿಸಿಕೊಂಡು ಹೋಗುವುದು ನಿಲ್ಲಬೇಕು, ಇಂದಿನಿಂದಲೇ. ಮೇಕೆಯ ಕಣ್ಣುಗಳು ತಲೆಯ ಎರಡು ಬದಿಗಿದ್ದು, ಅಡ್ಡಲಾಗಿ ಚಾಚಿದ ಪಾಪೆಯಿಂದಾಗಿ ಅದಕ್ಕೆ ಸುಮಾರು 320 ಡಿಗ್ರಿಗಳಷ್ಟು ಸುತ್ತಲಿನದು ಒಮ್ಮೆಲೇ ಕಾಣುತ್ತದೆ. ಬೇಟೆಗಾರನನ್ನು ದೂರದಿಂದಲೇ ಗುರುತಿಸಲು ಒದಗಿಬಂದ ದೃಷ್ಟಿಯದು. ನೇರವಾಗಿ ದಿಟ್ಟಿಸುತ್ತ, ಕೈಚಾಚಿ, ಮೇಲಿನಿಂದ ಬಾಗಿ ಬರುವ ಮನುಷ್ಯನು ಅದಕ್ಕೆ ಬೇಟೆಗಾರನಾಗಿಯೇ ಕಾಣುತ್ತಾನೆ. ಪ್ರತಿ ಸಲ ಓಡಿ ಸಿಕ್ಕಿಬಿದ್ದಾಗಲೂ ಅದು ಕಲಿಯುವ ಪಾಠ ಒಂದೇ, ಮುಂದಿನ ಸಲ ಇನ್ನೂ ಬೇಗ ಓಡಬೇಕು ಎಂಬುದು.

ದಿನಕ್ಕೆ ಎರಡು ಬಾರಿ, ಒಂದೇ ಹೊತ್ತಿಗೆ, ಅದಿರುವ ಜಾಗಕ್ಕೆ ಹೋಗಿ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಮರಿಯನ್ನು ನೋಡಬೇಡಿ, ಕರೆಯಬೇಡಿ, ಕೈಚಾಚಬೇಡಿ. ಪತ್ರಿಕೆಯನ್ನು ಮೆಲುದನಿಯಲ್ಲಿ ಓದಬಹುದು, ಧ್ವನಿ ಪರಿಚಯವಾಗುತ್ತದೆ. ಅರ್ಧ ಗಂಟೆ ಕುಳಿತು ಎದ್ದುಬನ್ನಿ. ಎರಡು ಮೂರು ದಿನಗಳಲ್ಲಿ ಅದು ನಿಮ್ಮ ಬೆನ್ನ ಹಿಂದೆ ಬಂದು ಅಂಗಿಯನ್ನು ಮೂಸುತ್ತದೆ, ಚುಂಗನ್ನು ಜಗಿಯುತ್ತದೆ. ಆಗಲೂ ತಿರುಗಿ ಹಿಡಿಯುವ ಆಸೆಯನ್ನು ತಡೆದುಕೊಳ್ಳಿ. ಕಷ್ಟವೇ, ಆದರೆ ಆ ಒಂದು ಕ್ಷಣ ತಡೆದುಕೊಂಡರೆ ವಾರದ ಕೆಲಸ ಉಳಿಯುತ್ತದೆ. ಮೂಸುವುದು ರೂಢಿಯಾದ ಮೇಲೆ ಅದು ಈಗಾಗಲೇ ತಿಂದು ಅರಗಿಸಿಕೊಳ್ಳುವ ಸೊಪ್ಪಿನ ಒಂದೆರಡು ಎಲೆಗಳನ್ನು ಬಿಚ್ಚಿದ ಅಂಗೈಯ ಮೇಲೆ ಇಡಿ. ಅಂಗೈಯಿಂದ ತಿನ್ನತೊಡಗಿದ ಮೇಲೆ ಇನ್ನೊಂದು ಕೈಯಿಂದ ಎದೆ, ಕತ್ತಿನ ಬದಿ, ಭುಜದ ಮೇಲ್ಭಾಗ ಇವುಗಳನ್ನು ಬೆರಳ ತುದಿಯಿಂದ ಕೆರೆಯಿರಿ. ಅದು ಹಿಂದೆ ಸರಿದರೆ ನಿಮ್ಮ ಕೈಯೂ ಹಿಂದೆ ಬರಲಿ. ಬೇಡವೆಂದರೆ ಬಿಟ್ಟುಬಿಡುತ್ತಾರೆ ಎಂಬುದು ತಿಳಿದ ಮರಿಗೆ ಓಡುವ ಅಗತ್ಯವೇ ಇರುವುದಿಲ್ಲ. ಮುಖದ ಭಾವವೂ ಲೆಕ್ಕಕ್ಕೆ ಬರುತ್ತದೆ. ಮನುಷ್ಯರ ನಗುಮುಖದ ಮತ್ತು ಕೋಪದ ಮುಖದ ಚಿತ್ರಗಳನ್ನು ಎದುರಿಗಿಟ್ಟಾಗ ಮೇಕೆಗಳು ನಗುಮುಖದತ್ತ ಹೆಚ್ಚು ಒಲಿದವು ಎಂಬುದನ್ನು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2018ರಲ್ಲಿ ಪ್ರಕಟಿಸಿತ್ತು. ಸಿಟ್ಟಾಗಿರುವ ದಿನ ಮರಿಯ ಬಳಿ ಕೂರದಿರುವುದು ಉತ್ತಮ.

ಹಣೆಯನ್ನು ಮಾತ್ರ ಮುಟ್ಟಿ ತಳ್ಳಬೇಡಿ. ಹಣೆಗೆ ಅಂಗೈ ಒತ್ತಿದರೆ ಮರಿ ಎದುರು ತಳ್ಳುತ್ತದೆ, ಮಕ್ಕಳಿಗೆ ಅದು ಆಟವಾಗಿ ಕಾಣುತ್ತದೆ. ಆದರೆ ಮೇಕೆಗಳ ನಡುವೆ ಅದು ಬಲಪರೀಕ್ಷೆ. ಹೆಣ್ಣು ಮರಿಯಲ್ಲಿ ಇದು ಕಿರಿಕಿರಿಯಷ್ಟೇ ಆದೀತು, ಗಂಡು ಮರಿಯಾದರೆ ವರ್ಷ ತುಂಬುವುದರೊಳಗೆ ಮನುಷ್ಯರನ್ನು ಗುದ್ದಿ ಕೆಡವುವ ಹೋತವಾಗುತ್ತದೆ. ಹಿಡಿಯಲೇಬೇಕಾದ ಸಂದರ್ಭದಲ್ಲಿ ಕೊಂಬು, ಕಿವಿ, ಕಾಲು ಹಿಡಿದೆಳೆಯದೆ, ಒಂದು ತೋಳನ್ನು ಎದೆಯ ಮುಂದೆ, ಇನ್ನೊಂದನ್ನು ತೊಡೆಯ ಹಿಂದೆ ಸುತ್ತಿ ಹಿಡಿಯಿರಿ. ಎಳೆಯ ಕೊಂಬು ಮುರಿದರೆ ರಕ್ತ ಧಾರಾಳವಾಗಿ ಹರಿಯುತ್ತದೆ.

ಹಗ್ಗದ ಅಭ್ಯಾಸಕ್ಕೆ ಅವಸರ ಬೇಡ. ಕೈಯಿಂದ ನಿರಾತಂಕವಾಗಿ ತಿನ್ನತೊಡಗಿದ ಮೇಲೆ ಕೊರಳಪಟ್ಟಿ ಹಾಕಿ, ಅದಕ್ಕೆ ಒಗ್ಗಿದ ಮೇಲೆ ಹಗ್ಗ ಕಟ್ಟಿ ನೀವೇ ಹಿಡಿದುಕೊಳ್ಳಿ. ಅದು ಎಳೆದಾಗ ನೀವು ಎಳೆಯದೆ ನಿಂತುಬಿಡಿ, ಅದು ಒಂದು ಹೆಜ್ಜೆ ನಿಮ್ಮತ್ತ ಇಟ್ಟೊಡನೆ ಹಗ್ಗ ಸಡಿಲಿಸಿ. ಹೊಸ ಮರಿಯನ್ನು ಗೂಟಕ್ಕೆ ಕಟ್ಟಿ ಬಿಟ್ಟುಹೋಗಬೇಡಿ. ಹಗ್ಗ ಸುತ್ತಿಕೊಂಡು ಉಸಿರುಗಟ್ಟಬಹುದು, ನಾಯಿ ಬಂದರೆ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಮೈ ಕೆರೆಸಿಕೊಳ್ಳುವಾಗಲೇ ಒಂದೊಂದು ಕಾಲನ್ನು ಕ್ಷಣಕಾಲ ಎತ್ತಿ ಇಳಿಸುವುದನ್ನೂ ರೂಢಿಸಿ, ಮುಂದೆ ಆರೆಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸುವಾಗ ಇದರ ಬೆಲೆ ತಿಳಿಯುತ್ತದೆ.

ನಿಮ್ಮ ಮಗನನ್ನು ದೂರವಿಡಬೇಕಾಗಿಲ್ಲ. ನೆಲದ ಮೇಲೆ ಕುಳಿತು ಓದುವ ಕೆಲಸವನ್ನು ಅವನಿಗೇ ಒಪ್ಪಿಸಿ, ಮೊದಲ ದಿನಗಳಲ್ಲಿ ನೀವೂ ಜೊತೆಗೆ ಕುಳಿತುಕೊಳ್ಳಿ. ಮಕ್ಕಳು ಕುಳಿತಾಗ ಎತ್ತರ ಕಡಿಮೆ, ಮರಿಗಳು ಅವರನ್ನು ಬೇಗ ನಂಬುತ್ತವೆ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯವಾಗಿರಲಿ. ಮರಿಯ ತುಟಿ ಮೂತಿಗಳ ಮೇಲೆ ಹಕ್ಕಳೆಗಟ್ಟಿದ ಹುಣ್ಣುಗಳು ಕಂಡರೆ ಅದು ಮನುಷ್ಯರಿಗೂ ತಗಲುವ ಆರ್ಫ್ ಎಂಬ ವೈರಸ್ ರೋಗವಾಗಿರಬಹುದು, ಆಗ ಪಶುವೈದ್ಯರು ನೋಡುವವರೆಗೆ ಅವನು ಮುಟ್ಟದಿರಲಿ.

ಇಂದು ಸಂಜೆ ತಾಪಮಾನ ನೋಡಿ, ಹಿಕ್ಕೆ ಮತ್ತು ಮೆಲುಕನ್ನು ಗಮನಿಸಿ. ತಾಪಮಾನ 104 ಡಿಗ್ರಿ ದಾಟಿದ್ದರೆ ಅಥವಾ 101ಕ್ಕಿಂತ ಕೆಳಗಿದ್ದರೆ, ಎಡಪಕ್ಕೆ ಉಬ್ಬಿದ್ದರೆ, ಹಲ್ಲು ಕಡಿಯುತ್ತಿದ್ದರೆ, ನೀರು ಭೇದಿಯಾಗುತ್ತಿದ್ದರೆ, ಅಥವಾ ನಾಳೆ ಬೆಳಗಿನವರೆಗೂ ಏನನ್ನೂ ತಿನ್ನದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಇವು ಯಾವುವೂ ಇಲ್ಲದೆ ಒಣಹುಲ್ಲನ್ನು ಅಷ್ಟಿಷ್ಟಾದರೂ ಕಡಿಯುತ್ತಿದ್ದರೆ, ನಾಳೆ ಬೆಳಿಗ್ಗೆಯಿಂದಲೇ ಅದರ ಬಳಿ ಕುಳಿತುಕೊಳ್ಳಲು ಆರಂಭಿಸಬಹುದು.