ಅಜ್ಜನ ಲೆಕ್ಕದ ಪುಸ್ತಕ ಗುಜರಿಗೆ ಬೇಡ

ಪ್ರಶ್ನೆ: ಹಳೆ ಮನೆ ಕೆಡವುತ್ತಿದ್ದೇವೆ. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಲೆಕ್ಕದ ಪುಸ್ತಕ, ಗೇಣಿ ಚೀಟಿ, ಡೀಸೆಲ್ ಪಂಪಿನ ಕೈಪಿಡಿ ಸಿಕ್ಕಿವೆ. ತಮ್ಮ ಗುಜರಿಗೆ ಕೊಡೋಣ ಅನ್ನುತ್ತಾನೆ. ಇಟ್ಟುಕೊಂಡು ಪ್ರಯೋಜನ ಉಂಟಾ?
- ಓದುಗರು, ಬದಿಯಡ್ಕ (ಕಾಸರಗೋಡು)

ಉತ್ತರ: ದಯವಿಟ್ಟು ಕೊಡಬೇಡಿ. ಅಜ್ಜಿ ತೀರಿಕೊಂಡ ವರ್ಷ ನಮ್ಮ ಮನೆಯಲ್ಲೂ ಇಂಥದ್ದೇ ಕಟ್ಟೊಂದು ಬಚ್ಚಲೊಲೆಗೆ ಹೋಯಿತು. ಉಳಿದದ್ದು ಒಂದು ಹಾಳೆ. 'ಮಜಲು, ಸುಗ್ಗಿ, 9 ಮುಡಿ 1 ಕಳಸೆ' ಎಂದಿದೆ. ಮಜಲು ಅಂದರೆ ನಡು ಎತ್ತರದ ಗದ್ದೆ, ಸುಗ್ಗಿ ಅಲ್ಲಿಯ ಎರಡನೇ ಬೆಳೆ, ಮುಡಿ ಮತ್ತು ಕಳಸೆ ಭತ್ತದ ಅಳತೆ. ಪಕ್ಕದಲ್ಲಿ ಸಣ್ಣಕ್ಕೆ 'ಹಂದಿ ಕಾಟ'. ಆ ಗದ್ದೆ ಈಗ ಅಡಿಕೆ ತೋಟ. ಅಲ್ಲಿ ಭತ್ತ ಬೆಳೆದದ್ದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ.

ತಗ್ಗಿನ ಗದ್ದೆ ಬೈಲು. ಅಲ್ಲಿ ಮಳೆಗಾಲದ ಏಣೇಲು, ಚಳಿಗಾಲದ ಸುಗ್ಗಿ, ಬೇಸಗೆಯ ಕೊಳಕೆ ಅಂತ ಮೂರು ಬೆಳೆ. ಮಜಲಿಗೆ ಎರಡು, ಎತ್ತರದ ಗದ್ದೆಯಾದ ಬೆಟ್ಟಿಗೆ ಮಳೆಗಾಲದ್ದು ಒಂದೇ. 3 ಕಳಸೆ ಸೇರಿದರೆ 1 ಮುಡಿ. ಇದೆಲ್ಲ ನಮ್ಮ ಮಕ್ಕಳಿಗೆ ಹೇಳುವವರು ಯಾರು? ಗೇಣಿ ಚೀಟಿ ಇನ್ನೂ ದೊಡ್ಡ ದಾಖಲೆ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳ. 1970ರ ಜನವರಿ 1ಕ್ಕೆ ಇಲ್ಲಿ ಗೇಣಿ ಪದ್ಧತಿಯೇ ಮುಗಿಯಿತು. ಆ ಚೀಟಿಯಲ್ಲಿ ಜಾಗದ ಧನಿಯ ಹೆಸರಷ್ಟೇ ಅಲ್ಲ, ಗೇಣಿಗೆ ಉಳುತ್ತಿದ್ದ ಒಕ್ಕಲಿನ ಹೆಸರೂ ಇರುತ್ತದೆ ಅಲ್ವಾ? ಅವರ ಮೊಮ್ಮಕ್ಕಳಿಗೆ ಅಜ್ಜನ ಹೆಸರು ಬರಹದಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಪಂಪಿನ ಕೈಪಿಡಿ ಕೂಡ ಕಸ ಅಲ್ಲ. ಕೆನಡಾದ ಸಾಸ್ಕಾಚೆವಾನ್‌ನಲ್ಲಿ 1949ರಲ್ಲಿ ಶುರುವಾದ ವೆಸ್ಟರ್ನ್ ಡೆವಲಪ್‌ಮೆಂಟ್ ಮ್ಯೂಸಿಯಂಗೆ ಒಂದು ಸಂಶೋಧನಾ ಗ್ರಂಥಾಲಯವೇ ಇದೆ. ಆ ಸೀಮೆಗೆ ವಲಸೆ ಬಂದು ನೆಲ ಹದ ಮಾಡಿದವರ ಬದುಕಿನ ಕತೆ, ಹಳೆ ಟ್ರ್ಯಾಕ್ಟರಿನ ಕೈಪಿಡಿ, ಯಂತ್ರಗಳ ಕ್ಯಾಟಲಾಗ್ ಎಲ್ಲ ಜೋಪಾನ ಮಾಡಿದ್ದಾರೆ. ನಮ್ಮ ತೋಟಕ್ಕೆ ಮೊದಲ ಪಂಪು ಬಂದ ಕತೆಯೂ ಅಷ್ಟೇ ಬೆಲೆಯದ್ದು.

ಈಗ ಮಾಡಬೇಕಾದ್ದು: ಬಿಸಿಲಿಗೆ ಹಾಕಬೇಡಿ, ಕಾಗದ ಸೆಟೆಯುತ್ತದೆ, ಶಾಯಿ ಮಾಸುತ್ತದೆ. ಸೆಲ್ಲೋಟೇಪು, ಲ್ಯಾಮಿನೇಶನ್ ಖಂಡಿತ ಬೇಡ. ಮೆತ್ತನೆ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ. ಒರಲೆ (ಗೆದ್ದಲು) ಹಿಡಿದದ್ದನ್ನು ಬೇರೆ ಇಡಿ. ಪುಟ ಪುಟದ ಫೋಟೋ ತೆಗೆದು, ನಿಮ್ಮಲ್ಲಿ ಹಿರಿಯರು ಯಾರಿದ್ದಾರೋ ಅವರ ಹತ್ತಿರ ಕೂತು ಯಾವ ಗದ್ದೆ, ಯಾವ ಒಕ್ಕಲು ಎಂದು ಕೇಳಿ ಬರೆದುಕೊಳ್ಳಿ. ಇದಕ್ಕೆ ಮಳೆಗಾಲ ಕಾಯಬೇಡಿ. ಜಾಗದ ಮೂಲ ದಾಖಲೆ ಇದ್ದರೆ ಮನೆಯಲ್ಲೇ ಇರಲಿ. ಉಳಿದದ್ದರ ಪ್ರತಿ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ತೋರಿಸಿ ನೋಡಿ. ಯಾರಿಗೆ ಏನು ಕೊಟ್ಟರೂ ಪಟ್ಟಿ ಮಾಡಿ ರಶೀದಿ ಪಡೆಯಿರಿ.

ಮತ್ತೆ, ಕೆಡವುವ ಮೊದಲು ಭತ್ತ ತುಂಬಿಸುವ ಪತ್ತಾಯದ ಬಾಗಿಲಿನ ಒಳಬದಿ ಒಮ್ಮೆ ನೋಡಿ. ಮುಡಿ ಎಣಿಸಿ ಮಸಿಯಲ್ಲಿ ಗೀರು ಹಾಕಿದ್ದು ಇದ್ದರೂ ಇರಬಹುದು.