ಕ್ರಿಮಿ ಸತ್ತರೆ ನೀರು ಶುದ್ಧವಾಗುತ್ತದಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮೀನು, ಆಮೆಗಳ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಸಿಗುವ ಬಗ್ಗೆ ಓದಿ ಬೇಜಾರಾಯಿತು. ನದಿಗಳಿಗೆ ಔಷಧಿಯೂ ಸೇರುತ್ತಿದೆ ಅಂತ ಅದರಲ್ಲೇ ಒಂದು ಸಾಲು ಇತ್ತು. ಔಷಧಿ ಕ್ರಿಮಿಗಳನ್ನು ಕೊಲ್ಲುತ್ತದೆ. ಹಾಗಾದರೆ ನೀರು ಶುದ್ಧವಾಗಬೇಕು, ಅಲ್ವಾ? ಕಣ್ಣಿಗೆ ಕಾಣದ ಜೀವಿಗಳು ಸತ್ತರೆ ನಮಗೇನು ನಷ್ಟ? ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆಯಂತೆ, ನಿಜವಾ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಲೇಖನದಲ್ಲಿ ನಾವು ಸೂಕ್ಷ್ಮಜೀವಿಗಳ ಮಾತೇ ಎತ್ತಿರಲಿಲ್ಲ. ಕೊರತೆ ನಮ್ಮದು. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಷ್ಟದ ವಿಷಯ. ನೀರಿನಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ರೋಗ ತರುವವು ತೀರಾ ಕಡಿಮೆ. ಉಳಿದವು ಸುಮ್ನೆ ಕೂತಿರುವುದಿಲ್ಲ. ಮನೆಯಲ್ಲಿ ಅಕ್ವೇರಿಯಂ ಇಟ್ಟವರನ್ನು ಕೇಳಿ ನೋಡಿ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದು ಏರಿದರೆ ಮೀನಿಗೆ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಕಾಯಿಲೆ ಬಿದ್ದ ಮೀನಿಗೆಂದು ತೊಟ್ಟಿಗೆ ಆಂಟಿಬಯಾಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ಹಾಕಿದಾಗ ಕೆಲವೊಮ್ಮೆ ಈ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ. ಆಗ ಅಮೋನಿಯಾ ಏರಿ, ಚೆನ್ನಾಗಿದ್ದ ಮೀನುಗಳೂ ಸಾಯುತ್ತವೆ. ಕೆರೆ, ನದಿಗಳಲ್ಲೂ ಇದೇ ಕೆಲಸ ನಡೆಯುತ್ತಿರುತ್ತದೆ. ಕೊಳಚೆ ನೀರನ್ನು ಶುದ್ಧ ಮಾಡುವ ಘಟಕಗಳೂ ಇದೇ ಬ್ಯಾಕ್ಟೀರಿಯಾಗಳನ್ನು ನಂಬಿಕೊಂಡಿವೆ. ಅಂದರೆ ನೀರನ್ನು ಚೊಕ್ಕಟ ಮಾಡುವವರೇ ಅವರು.

ಗಾಳಿಯ ಕಥೆಯೂ ಹಾಗೇ. ಬಿಸಿಲಿನಿಂದ ಆಹಾರ ತಯಾರಿಸಿ ಆಮ್ಲಜನಕ ಬಿಡುವ ಕೆಲಸಕ್ಕೆ ದ್ಯುತಿಸಂಶ್ಲೇಷಣೆ ಅನ್ನುತ್ತಾರೆ. ಭೂಮಿಯ ಮೇಲೆ ಅದರಲ್ಲಿ ಸುಮಾರು ಅರ್ಧ ಸಮುದ್ರದಲ್ಲೇ ನಡೆಯುತ್ತದೆ. ಅದನ್ನು ಮಾಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಪಾಚಿ, ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಒಂದು ಪ್ರೋಕ್ಲೋರೋಕಾಕಸ್ ಎಂಬ ಬ್ಯಾಕ್ಟೀರಿಯಾ. ಸಾವಿರಕ್ಕೂ ಹೆಚ್ಚು ಪ್ರೋಕ್ಲೋರೋಕಾಕಸ್‌ಗಳನ್ನು ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ದಾಟುವುದಿಲ್ಲ. ಆಸ್ಟ್ರೇಲಿಯಾದ ಮ್ಯಾಕ್ವರಿ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಚೀಲ ಮತ್ತು ಪಿವಿಸಿ ಹಾಸು ನೆನೆಸಿದ ನೀರಿನಲ್ಲಿ ಅದನ್ನು ಬೆಳೆಸಿ ನೋಡಿದರು. ಬೆಳವಣಿಗೆ ಕುಂಠಿತವಾಯಿತು, ಆಮ್ಲಜನಕದ ಉತ್ಪಾದನೆಯೂ ಇಳಿಯಿತು. ಆ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಗಮನಿಸಿ, ಇಲ್ಲಿ ಯಾರೂ ಪ್ಲಾಸ್ಟಿಕ್ ನುಂಗಲಿಲ್ಲ. ಪ್ಲಾಸ್ಟಿಕ್‌ನಿಂದ ನೀರಿಗೆ ಬಿಟ್ಟುಕೊಂಡ ರಾಸಾಯನಿಕಗಳೇ ಇಷ್ಟು ಮಾಡಿದವು. ಮೀನಿನ ಹೊಟ್ಟೆಯ ಫೋಟೋ ಹಾಕಿದ ನಮ್ಮ ಲೇಖನದಲ್ಲಿ ಬಿಟ್ಟುಹೋಗಿದ್ದು ಇದೇ.

ಪಾಚಿ ಬ್ಯಾಕ್ಟೀರಿಯಾ ಅಲ್ಲವಲ್ಲ, ಅದಕ್ಕೆ ಆಂಟಿಬಯಾಟಿಕ್ ಏನು ಮಾಡೀತು ಅಂತ ನೀವು ಕೇಳಬಹುದು. ನನಗೆ ತುಂಬಾ ಹಿಡಿಸಿದ ವಿಷಯ ಇದು. ಪಾಚಿಯ ಜೀವಕೋಶದೊಳಗಿನ ಹಸಿರು ಭಾಗ, ಅಂದರೆ ಕ್ಲೋರೋಪ್ಲಾಸ್ಟ್, ಕೋಟಿಗಟ್ಟಲೆ ವರ್ಷಗಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಅದು ಪ್ರೋಟೀನ್ ತಯಾರಿಸುವ ರೀತಿ ಇವತ್ತಿಗೂ ಬ್ಯಾಕ್ಟೀರಿಯಾದ್ದೇ. ಆದ್ದರಿಂದ ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್ ಪಾಚಿಯ ಅಡುಗೆಮನೆಗೇ ತೊಂದರೆ ಕೊಡುತ್ತದೆ. ಪಾಚಿ ಸೊರಗಿದರೆ ಅದನ್ನು ತಿನ್ನುವ ಪುಟ್ಟ ಜೀವಿಗಳು ಹಸಿಯುತ್ತವೆ, ಅವನ್ನು ತಿನ್ನುವ ಮರಿಮೀನುಗಳೂ ಹಸಿಯುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀರಿನಲ್ಲಿ ಔಷಧಿ ಇರುವುದು ಎಷ್ಟು? 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ 104 ದೇಶಗಳ 258 ನದಿಗಳ ನೀರನ್ನು ಪರೀಕ್ಷಿಸಿತ್ತು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಜೊತೆಗೆ ಕೆಫೀನ್ ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಸಿಕ್ಕವು. ಆಂಟಿಬಯಾಟಿಕ್‌ಗಳೂ ಇದ್ದವು. ಸಾಮಾನ್ಯವಾಗಿ ಇವು ಇರುವುದು ಒಂದು ಲೀಟರಿಗೆ ಗ್ರಾಮಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ರೋಗಾಣುವನ್ನು ಕೊಲ್ಲಲು ಇದು ಏನೇನೂ ಸಾಲದು.

ತೊಂದರೆ ಇರುವುದೇ ಅಲ್ಲಿ. ಕೊಲ್ಲದಷ್ಟು ಔಷಧಿ ಬ್ಯಾಕ್ಟೀರಿಯಾಗಳನ್ನು ಪಳಗಿಸುತ್ತದೆ. ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 2011ರಲ್ಲಿ ಇದನ್ನು ತೋರಿಸಿಕೊಟ್ಟರು. ಕೊಲ್ಲಲು ಬೇಕಾದ ಪ್ರಮಾಣದ ನೂರಾರು ಪಟ್ಟು ಕಡಿಮೆ ಇದ್ದರೂ ಸಾಕು, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಉಳಿದವನ್ನು ಹಿಂದೆ ಹಾಕಿ ಹೆಚ್ಚುತ್ತಾ ಹೋಗುತ್ತವೆ. ಅಂದರೆ ಆ ನೀರು ಶುದ್ಧವಾಗುತ್ತಿಲ್ಲ. ಅಲ್ಲಿ ಗಟ್ಟಿಗರು ತಯಾರಾಗುತ್ತಿದ್ದಾರೆ.

ಇಲ್ಲಿಗೆ ಪ್ಲಾಸ್ಟಿಕ್ ಬಂದು ಸೇರುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಅದರ ಮೇಲೆ ಬ್ಯಾಕ್ಟೀರಿಯಾಗಳು ಕೂತು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಸುತ್ತಲಿನ ನೀರಿಗಿಂತ ಈ ಚೂರಿನ ಮೇಲಿನ ಬಳಗವೇ ಬೇರೆ. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಪ್ಲಾಸ್ಟಿಸ್ಫಿಯರ್ ಅಂತ ಹೆಸರಿಟ್ಟರು. ಅವರು ನೋಡಿದ ಒಂದು ಚೂರಿನ ಮೇಲೆ ಕಾಲರಾ ರೋಗಾಣುವಿನ ಕುಲಕ್ಕೆ ಸೇರಿದ ವಿಬ್ರಿಯೋ ತುಂಬಿಕೊಂಡಿತ್ತು. ಔಷಧಿಯ ಅಂಶಗಳೂ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ. ಲೋಳೆಯೊಳಗೆ ಬ್ಯಾಕ್ಟೀರಿಯಾಗಳು ಮೈಗೆ ಮೈ ತಾಗಿಸಿಕೊಂಡಿರುವುದರಿಂದ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಒಂದರಿಂದ ಒಂದಕ್ಕೆ ದಾಟಿಸುವುದು ಸುಲಭ. ಔಷಧಿಯನ್ನು ಎದುರಿಸುವ ಗುಟ್ಟು ಎಷ್ಟೋ ಸಲ ಇರುವುದು ಆ ಉಂಗುರದಲ್ಲೇ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳಿಗಿಂತ ಮೈಕ್ರೋಪ್ಲಾಸ್ಟಿಕ್ ಮೇಲಿನವುಗಳಲ್ಲಿ ಈ ಕೊಡುಕೊಳ್ಳುವಿಕೆ ಜಾಸ್ತಿ ಅಂತ 2018ರ ಒಂದು ಅಧ್ಯಯನ ಹೇಳುತ್ತದೆ. ಎಲೆ, ಕಡ್ಡಿಯ ಮೇಲೂ ಲೋಳೆ ಕಟ್ಟುತ್ತದೆ, ಒಪ್ಪಿದೆ. ಆದರೆ ಎಲೆ ಕೊಳೆತು ಹೋಗುತ್ತದೆ. ಪ್ಲಾಸ್ಟಿಕ್ ಚೂರು ತನ್ನ ಬಳಗವನ್ನು ಹೊತ್ತು ವರ್ಷಗಟ್ಟಲೆ ತೇಲುತ್ತದೆ.

ಇದು ಕೆರೆಯಲ್ಲೇ ಮುಗಿಯುವ ವಿಷಯ ಅಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕಿನಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. ಅದಕ್ಕೆ ನೀರೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ, ಕೋಳಿ ಸಾಕಣೆ, ನಮ್ಮ ಮಾತ್ರೆ ನುಂಗುವ ಆತುರ, ಎಲ್ಲದರ ಪಾಲೂ ಇದೆ. ಆದರೆ ಅವೆಲ್ಲ ಕೊನೆಗೆ ಬಂದು ಕೂಡುವ ಜಾಗ ನೀರು.

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದ್ದು ನಿಜ. ಜಪಾನಿನವರು 2016ರಲ್ಲಿ ಅದರ ಬಗ್ಗೆ ಬರೆದರು. ಹೆಸರು ಇಡಿಯೋನೆಲ್ಲಾ ಸಕಾಯೆನ್ಸಿಸ್. 30 ಡಿಗ್ರಿ ಶಾಖದಲ್ಲಿ ಪೆಟ್ ಎಂಬ ಪ್ಲಾಸ್ಟಿಕ್‌ನ ತೆಳುವಾದ ಹಾಳೆಯೊಂದನ್ನು ಕರಗಿಸಲು ಅದಕ್ಕೆ ಸುಮಾರು ಆರು ವಾರ ಬೇಕಾಯಿತು. ಬಾಟಲಿಯ ಪೆಟ್ ಇನ್ನೂ ಗಟ್ಟಿ. ಕೈಚೀಲದ ಪಾಲಿಥೀನ್ ಬೇರೆಯೇ ವಸ್ತು. ಸಮುದ್ರವನ್ನು ಅದು ಗುಡಿಸಿ ಕೊಡುತ್ತದೆ ಅಂತ ಕಾಯಲಾಗದು.

ಕೈಯಲ್ಲಾಗುವ ಕೆಲಸ ಇದಕ್ಕಿಂತ ಹತ್ತಿರದಲ್ಲಿದೆ. ಶುದ್ಧೀಕರಣ ಘಟಕಗಳನ್ನು ಕಟ್ಟಿದ್ದು ಔಷಧಿ ತೆಗೆಯಲಿಕ್ಕಲ್ಲ. ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಿಗೆ ಓಝೋನ್ ಅಥವಾ ಸಕ್ರಿಯ ಇದ್ದಿಲಿನ ಹಂತ ಸೇರಿಸುತ್ತಿದೆ. ಅಂಥದ್ದನ್ನು ಎಲ್ಲ ಕಡೆಯೂ ಕೇಳಬೇಕು. ಅಕ್ರಿಲಿಕ್ ಬಟ್ಟೆಯ ನೂಲೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಅಂಥ ಆರು ಕಿಲೋ ಬಟ್ಟೆ ಒಮ್ಮೆ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ನೀರಿಗೆ ಬೀಳಬಹುದು ಅಂತ ಬ್ರಿಟನ್ನಿನ ಪ್ರಯೋಗವೊಂದು ಲೆಕ್ಕ ಹಾಕಿದೆ. ಒಗೆಯುವ ಯಂತ್ರಕ್ಕೆ ಸೋಸುಜಾಲರಿ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ನೆಗಡಿಗೆ ಕಾರಣ ವೈರಸ್, ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಆದರೂ ನುಂಗಿದರೆ ಎಷ್ಟೋ ಸಲ ಅದರಲ್ಲಿ ದೊಡ್ಡ ಪಾಲು ಮಲಮೂತ್ರದ ಜೊತೆ ಹಾಗೇ ಹೊರಬಂದು ನದಿಯ ದಾರಿ ಹಿಡಿಯುತ್ತದೆ. ಉಳಿದ ಮಾತ್ರೆಗಳನ್ನು ಕಕ್ಕಸಿಗೆ ಹಾಕಿ ನೀರು ಬಿಡುವುದೂ ಬೇಡ.

ಮುಂದಿನ ಸಂಚಿಕೆಯಲ್ಲಿ ನೀರಿನ ಈ ಪುಟ್ಟ ಜೀವಿಗಳಿಗೇ ನಾಲ್ಕು ಪುಟ ಮೀಸಲಿಟ್ಟಿದ್ದೇವೆ. ಓದಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗೆರೆ ಎಳೆದು ಮತ್ತೆ ಬರೆಯಿರಿ.