ಮುಂಬಾಗಿಲ ಮೂಲೆಯಲ್ಲಿ ಚಾವಣಿ ಕೂಡದಿದ್ದರೆ ಸಾಫ್ಟ್‌ವೇರ್ ಬದಲಿಸಬೇಡಿ, ಪೋರ್ಟಿಕೋ ಸರಿಸಿ

ಎಲ್ ಆಕಾರದ ಮನೆ, ಒಳಮೂಲೆಗೆ ಮುಂಬಾಗಿಲು, ಅದರ ಮುಂದೆ ಗೇಬಲ್ ಪೋರ್ಟಿಕೋ, ಅಂದರೆ ಎರಡು ಕಡೆ ಇಳಿಜಾರು, ತುದಿಗೆ ತ್ರಿಕೋನ ಇರುವಂಥದ್ದು. ಮೂರು ಇಳಿಜಾರು ಅಲ್ಲೇ ಸೇರಬೇಕು, ಕಂಪ್ಯೂಟರ್ ಚಿತ್ರದಲ್ಲಿ ಸೇರುತ್ತಿಲ್ಲ, ಮನೆ ಬಿಡಿಸಲು ಬೇರೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳಿದ್ದೀರಿ. ಇದೇ ಮೂಲೆಯನ್ನು ನಾನು ಗಂಗಾವತಿಯಲ್ಲಿ ಬಿಡಿಸಿದ್ದೆ, ಕಟ್ಟಿಸಿದ್ದೆ, ಕೊನೆಗೆ ಒಡೆಸಿದೆ.

ನಮ್ಮದು 40ಕ್ಕೆ 60 ಸೈಟು. ಅಪ್ಪ ಅಮ್ಮನಿಗೆ ಮಟ್ಟಸ ಚಾವಣಿಯ ಮಾಳಿಗೆ ಮನೆಯ ರೂಢಿ. ನನಗೆ ಮಾತ್ರ ಹೆಂಚು ಹೊದ್ದ ಇಳಿಜಾರು ಚಾವಣಿಯೇ ಬೇಕಿತ್ತು. ರಾತ್ರಿ ಊಟ ಆದ ಮೇಲೆ ಕಂಪ್ಯೂಟರ್ ಮುಂದೆ ಕೂತು ಗೋಡೆ ಎಳೆಯುತ್ತಿದ್ದೆ. ಚಾವಣಿ ತಾನೇ ಮೂಡುತ್ತಿತ್ತು. ಎಲ್ಲ ಕಡೆ ಕೂಡುತ್ತಿತ್ತು, ಬಾಗಿಲ ಮೂಲೆಯೊಂದನ್ನು ಬಿಟ್ಟು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ಸಿಕ್ಕಿಕೊಂಡಿರುವುದೂ ಬಹುಶಃ ಇಲ್ಲೇ. ಈ ಸಾಫ್ಟ್‌ವೇರ್‌ಗಳು ಇಳಿಜಾರನ್ನು 12ರ ಲೆಕ್ಕದಲ್ಲಿ ಹೇಳುತ್ತವೆ. 12 ಇಂಚು ಅಡ್ಡ ಹೋದರೆ ಎಷ್ಟು ಇಂಚು ಏರುತ್ತದೆ ಅಂತ. ಮನೆಯ ದೊಡ್ಡ ಚಾವಣಿಗೆ 4 ಕೊಟ್ಟಿದ್ದೆ. ಪೋರ್ಟಿಕೋ ಎದ್ದು ಕಾಣಲಿ ಅಂತ ಅದಕ್ಕೆ 7 ಕೊಟ್ಟೆ. ಎರಡಕ್ಕೂ ಸೂರು 2 ಅಡಿ ಹೊರಗೆ. ಈಗ ಲೆಕ್ಕ ಹಾಕಿ. ಆ 2 ಅಡಿಯಲ್ಲಿ 4ರ ಇಳಿಜಾರು 8 ಇಂಚು ಇಳಿಯುತ್ತದೆ, 7ರದ್ದು 14 ಇಂಚು. ಒಂದೇ ಎತ್ತರದ ಬೀಮಿನ ಮೇಲೆ ಕೂತಿದ್ದರೂ ಎರಡು ಸೂರಿನ ತುದಿಗಳಿಗೆ 6 ಇಂಚು ವ್ಯತ್ಯಾಸ. ಪರದೆಯ ಮೇಲೆ ಮೂಲೆ ಹರಿದಂತೆ ಕಾಣುತ್ತಿದ್ದದ್ದು ಇದಕ್ಕೇ.

ನಾನು ಪೋರ್ಟಿಕೋ ಚಾವಣಿಯನ್ನಷ್ಟೇ ಹಿಡಿದು 6 ಇಂಚು ಮೇಲಕ್ಕೆ ಎತ್ತಿದೆ. ಸೂರು ಗೆರೆ ಎಳೆದಂತೆ ಕೂಡಿತು. ಚಿತ್ರ ಬಹಳ ಚೆಂದ ಬಂತು. ಆದರೆ ಚಾವಣಿ ಮೇಲೆ ಹೋಯಿತೇ ಹೊರತು ಅದನ್ನು ಹೊರುವ ಬೀಮು ಇದ್ದಲ್ಲೇ ಇತ್ತು. ನಡುವೆ 6 ಇಂಚು ಖಾಲಿ. ಸೂರಿನ ಪಟ್ಟಿ ಅಡ್ಡ ಇದ್ದದ್ದರಿಂದ ಹೊರಗಿನಿಂದ ಅದು ಕಾಣುತ್ತಿರಲಿಲ್ಲ. ಗೌಂಡಿಗೆ ಕೊಟ್ಟದ್ದು ಪ್ಲಾನು ಮತ್ತು ಮುಂಭಾಗದ ಚಿತ್ರ, ಅಷ್ಟೇ. ಬೀಮು 10 ಅಡಿಗೆ ಅಂತ ಬರೆದಿತ್ತು, 10 ಅಡಿಗೆ ಹಾಕಿದರು. ಇಳಿಜಾರು 7 ಅಂತ ಇತ್ತು, 7ಕ್ಕೇ ಸೆಂಟ್ರಿಂಗ್ ಕಟ್ಟಿದರು. ಅವರು ಕಾಗದದಲ್ಲಿ ಇದ್ದದ್ದನ್ನೇ ಮಾಡಿದರು. ಕಾಂಕ್ರೀಟು ಬಿದ್ದ ಮೇಲೆ ನೋಡಿದರೆ ಪೋರ್ಟಿಕೋದ ಸೂರು 6 ಇಂಚು ಕೆಳಗೆ.

ಆರು ಇಂಚು ತಾನೇ ಅನ್ನಿಸಬಹುದು. ಮೂಲೆಯನ್ನು ಹತ್ತಿರದಿಂದ ನೋಡಿ. ಮನೆಯ ಎರಡು ಮಗ್ಗುಲಿನ ನೀರೂ ಒಳಮೂಲೆಯ ವ್ಯಾಲಿಗೆ, ಅಂದರೆ ಎರಡು ಇಳಿಜಾರು ಕೂಡುವ ತಗ್ಗಿಗೆ, ಬರುತ್ತದೆ. 4ರ ಇಳಿಜಾರಿನ ಎರಡು ಚಾವಣಿ ಕೂಡುವಲ್ಲಿ ವ್ಯಾಲಿಯ ಇಳಿಜಾರು 12ಕ್ಕೆ 4 ಇರುವುದಿಲ್ಲ. ಅದು ಓರೆಯಾಗಿ ಓಡುವುದರಿಂದ ಸುಮಾರು 17 ಇಂಚಿಗೆ 4. ಅಂದರೆ ನೀರು ಎಲ್ಲಿ ಜಾಸ್ತಿಯೋ ಅಲ್ಲೇ ಇಳಿಜಾರು ಕಮ್ಮಿ. ನಮ್ಮಲ್ಲಿ ಆ ನೀರು ಮನೆಯ ಸೂರಿನಿಂದ ಜಾರಿ 6 ಇಂಚು ಕೆಳಗಿದ್ದ ಪೋರ್ಟಿಕೋದ ಹೆಂಚಿನ ಮೇಲೆ ಬಿತ್ತು. ಅಲ್ಲಿಂದ ಸಿಡಿದು ಸೂರಿನ ಅಡಿಯ ಸಂದಿಗೆ, ಸಂದಿಯಿಂದ ಗೋಡೆಗೆ. ಆ ಸಂದಿಯೊಳಗೆ ಕರಣಿ ಹೋಗುವುದಿಲ್ಲ, ಗಿಲಾವು ಮಾಡೋಕೆ ಆಗುವುದಿಲ್ಲ. ಒಂದು ದೊಡ್ಡ ಮಳೆಗೆ ಬಾಗಿಲ ಚೌಕಟ್ಟಿನ ಬಲಗಡೆ ಗೋಡೆ ತಲೆಯಿಂದ ಹೊಸ್ತಿಲವರೆಗೆ ಒದ್ದೆ. ತೇಗದ ಬಾಗಿಲು ಉಬ್ಬಿ ಹಾಕಲು ಬರುತ್ತಿರಲಿಲ್ಲ. ಪೋರ್ಟಿಕೋದ ಸ್ಲ್ಯಾಬು ಒಡೆದು, ಎರಡನೇ ಸಲ ಸೆಂಟ್ರಿಂಗ್ ಹಾಕಿಸಿ, ಬೀಮು ಏರಿಸಿದ ಮೇಲೆಯೇ ಅದು ನಿಂತದ್ದು.

ಬಿಡಿಸುವಾಗಲೇ ಮಾಡಬಹುದಾಗಿದ್ದದ್ದು ಇಷ್ಟು: ಬೀಮನ್ನೇ 10 ಅಡಿ 6 ಇಂಚಿಗೆ ಕೂರಿಸುವುದು, ಇಲ್ಲವೇ ಪೋರ್ಟಿಕೋದ ಸೂರನ್ನು 2 ಅಡಿಯಿಂದ ಹೆಚ್ಚುಕಮ್ಮಿ 14 ಇಂಚಿಗೆ ಮೊಟಕು ಮಾಡುವುದು. ಆಗ ಅದೂ 8 ಇಂಚೇ ಇಳಿಯುತ್ತದೆ.

ಆದರೆ ನಿಮಗೆ ನಾನು ಇವೆರಡನ್ನೂ ಹೇಳುವುದಿಲ್ಲ. ಪೋರ್ಟಿಕೋವನ್ನು ಆ ಮೂಲೆಯಿಂದ ಆಚೆ ತನ್ನಿ. ಬಾಗಿಲನ್ನು ನಾಲ್ಕೈದು ಅಡಿ ಸರಿಸಿದರೆ ಒಳಮೂಲೆಯ ವ್ಯಾಲಿ ಒಂದು ಕಡೆ, ಪೋರ್ಟಿಕೋ ಒಂದು ಕಡೆ. ಸಾಫ್ಟ್‌ವೇರ್ ಕೂಡಿಸಲು ಒದ್ದಾಡುತ್ತಿದೆ ಅಂದರೆ ಬಹಳ ಸಲ ಆ ಜಾಗದಲ್ಲಿ ಕಟ್ಟುವವರೂ ಒದ್ದಾಡುತ್ತಾರೆ.

ಇನ್ನೊಂದು ಮಾತು. ಇಡೀ ಮನೆಗೆ ಇಳಿಜಾರು ಯಾಕೆ ಬೇಕು? ನಮ್ಮ ಕೊಪ್ಪಳ ಕಡೆ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ 3,500 ದಾಟುತ್ತದೆ, ಅಲ್ಲಿ ಹೆಂಚಿಗೆ ಅರ್ಥ ಇದೆ. ನಮ್ಮ ಹಿರಿಯರು ತೊಲೆ, ಜಂತಿ ಹಾಕಿ ಮೇಲೆ ಮಣ್ಣು ಹೊದಿಸಿ ಮಟ್ಟಸ ಮಾಳಿಗೆ ಕಟ್ಟಿದ್ದು ಸುಮ್ನೆ ಅಲ್ಲ. ಮೇ ತಿಂಗಳಲ್ಲಿ ಎಲ್ಲಿ ಮಲಗುತ್ತೀರಿ? ಮೆಣಸಿನಕಾಯಿ, ಸಂಡಿಗೆ ಎಲ್ಲಿ ಒಣಗಿಸುತ್ತೀರಿ? ನೀರಿನ ಟ್ಯಾಂಕು ಎಲ್ಲಿ ಇಡುತ್ತೀರಿ? ನಳದ ನೀರು ದಿನ ಬಿಟ್ಟು ದಿನ ಬರುವ ಊರಲ್ಲಿ ಟ್ಯಾಂಕಿಗೆ ಜಾಗ ಇಲ್ಲದ ಚಾವಣಿ ನನಗಂತೂ ಒಪ್ಪಿಗೆ ಆಗುವುದಿಲ್ಲ. ಮನೆಗೆ ಮಟ್ಟಸ ಆರ್‌ಸಿಸಿ ಹಾಕಿ, ಪೋರ್ಟಿಕೋ ಒಂದಕ್ಕೆ ಗೇಬಲ್ ಕೊಡಿ. ಆಸೆಯೂ ತೀರುತ್ತದೆ, ವ್ಯಾಲಿ ಒಂದೂ ಇರುವುದಿಲ್ಲ. ಮಳೆ ಕಮ್ಮಿ ಅಂತ ನೀರಿನ ದಾರಿ ಮಾತ್ರ ಮರೆಯಬೇಡಿ. 2009ರ ಅಕ್ಟೋಬರ್ ಮೊದಲ ವಾರದ ಮಳೆ ನಮ್ಮ ಕಡೆಯವರಿಗೆ ನೆನಪಿದೆ ಅಲ್ವಾ.

ಗೇಬಲ್‌ನ ತ್ರಿಕೋನ ರಸ್ತೆಯ ಕಡೆ ಮುಖ ಮಾಡಿರಲಿ. ಆಗ ನೀರು ಎಡಕ್ಕೆ ಬಲಕ್ಕೆ ಬೀಳುತ್ತದೆ, ಮೆಟ್ಟಿಲ ಮೇಲೆ, ರಂಗೋಲಿಯ ಮೇಲೆ ಬೀಳುವುದಿಲ್ಲ. ಪ್ಲಿಂತ್, ಅಂದರೆ ಹೊರಗಿನ ನೆಲದಿಂದ ಮನೆಯ ನೆಲದ ಎತ್ತರ, ಎರಡೂವರೆ ಅಡಿ ಇದ್ದರೆ 6 ಇಂಚಿನ ಐದು ಏರು ಆಗುತ್ತವೆ, ಅದಕ್ಕೆ ಮುಂದೆ 4 ಅಡಿ ಜಾಗ ಈಗಲೇ ಬಿಡಿ. ಪೋರ್ಟಿಕೋದಲ್ಲಿ ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ ಇರಲಿ. ಸಂಜೆ ಎಲ್ಲರೂ ಕೂರುವುದು ಅಲ್ಲೇ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಸ್ವೀಟ್ ಹೋಮ್ 3ಡಿ ಉಚಿತ, ಕೋಣೆ ಜೋಡಿಸಲು ಸಾಕು, ಚಾವಣಿಗೆ ಆಗುವುದಿಲ್ಲ. ಹೋಮ್ ಡಿಸೈನರ್ ಗೋಡೆ ನೋಡಿ ತಾನೇ ಚಾವಣಿ ಕಟ್ಟುತ್ತದೆ, ಆದರೆ ಅಮೆರಿಕದ ಮರದ ಮನೆಯ ಅಳತೆಯಿಂದ ಶುರು ಮಾಡುತ್ತದೆ. ಗೋಡೆಯನ್ನು 9 ಇಂಚಿನ ಇಟ್ಟಿಗೆಗೆ, ಚಾವಣಿಯ ದಪ್ಪವನ್ನು 5 ಇಂಚಿನ ಸ್ಲ್ಯಾಬಿಗೆ ಮೊದಲೇ ಬದಲಿಸಿಕೊಳ್ಳಿ. ಆಮೇಲೆ ಬದಲಿಸಿದರೆ ಸೂರಿನ ಎತ್ತರವೂ ಬದಲಾಗಿ ಎಲ್ಲ ಮತ್ತೆ ಹರಿಯುತ್ತದೆ. ಸ್ಕೆಚ್‌ಅಪ್‌ನಲ್ಲಿ ಚಾವಣಿಯನ್ನು ಕೈಯಾರೆ ಎಳೆಯಬೇಕು. ಅದರ ಸೆಕ್ಷನ್ ಪ್ಲೇನ್‌ನಲ್ಲಿ ಮನೆಯನ್ನು ಎಲ್ಲಿ ಬೇಕಾದರೂ ಕೊಯ್ದು ನೋಡಬಹುದು. ಯಾವುದನ್ನೇ ಬಳಸಿ, ಬಾಗಿಲ ಮುಂದೆ ಒಂದು ಕಡೆ ಕೊಯ್ದು ಬೀಮಿನ ತಲೆ, ಸ್ಲ್ಯಾಬಿನ ಅಡಿ, ಸೂರಿನ ತುದಿ, ಈ ಮೂರರ ಎತ್ತರವನ್ನು ಅಡಿ ಇಂಚಿನಲ್ಲಿ ಬರೆದು ಆ ಕಾಗದವನ್ನೇ ಗೌಂಡಿಯ ಕೈಗೆ ಕೊಡಿ. ಬೀಮು, ಕಂಬಿಯ ಲೆಕ್ಕ ಸಿವಿಲ್ ಎಂಜಿನಿಯರ್ ಮಾಡಲಿ, ಅದು ಈ ಸಾಫ್ಟ್‌ವೇರ್‌ಗಳ ಕೆಲಸ ಅಲ್ಲ.

ನಿಮ್ಮ ಸೈಟಿಗೆ ರಸ್ತೆ ಯಾವ ದಿಕ್ಕಿಗಿದೆ, ಎಲ್‌ನ ಗಿಡ್ಡ ತೋಳು ಯಾವ ಕಡೆ ಅಂತ ಬರೆಯಿರಿ. ಪೋರ್ಟಿಕೋ ಯಾವ ಕಡೆಗೆ ಸರಿಸಿದರೆ ಒಳ್ಳೆಯದು ಅಂತ ನೋಡಿ ಹೇಳುತ್ತೇನೆ.